ವೀಕ್ಷಣಾ ಕಟ್ಟೆಯ ಪಾಠ

ನಮ್ಮೂರಿನ ಜಲಪಾತ ಇವತ್ತು ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ. ನಾನು ಪ್ರವಾಸ ಮತ್ತು ಅತಿಥಿ ಸತ್ಕಾರ ತರಬೇತಿ ಶಾಲೆಯಲ್ಲಿ ಹದಿನಾಲ್ಕು ವರ್ಷಗಳಿಂದ ಮಾರ್ಗದರ್ಶಿ ವಿಷಯ ಕಲಿಸುತ್ತಿರುವ ಮಾಸ್ತರ. ಅದು ಎಲ್ಲಿದೆ ಎಂದು ತಿಳಿದುಕೊಳ್ಳುವುದು ನನ್ನ ಕೆಲಸವಲ್ಲ. ಬೇಕಾದರೆ ಬೀದಿಯಲ್ಲಿ ಹೋಗುವ ಯಾರನ್ನಾದರೂ ಕೇಳಿ, ಹೇಳುತ್ತಾರೆ. ಪರೀಕ್ಷಾ ಮಂಡಳಿಯ ಪ್ರಕಾರ ಅದು ಎಲ್ಲಿರಬೇಕು ಎಂದು ಕೇಳಿ, ನಿದ್ದೆಯಿಂದ ಎಬ್ಬಿಸಿದರೂ ಹೇಳುತ್ತೇನೆ. ದವಾಖಾನೆಯ ಹಿಂದೆ.

ಹದಿನಾಲ್ಕು ವರ್ಷದ ಹಿಂದೆ, ಪಠ್ಯಕ್ರಮ ಸಮಿತಿಯವರು ಜೀಪಿನಲ್ಲಿ ಬಂದಿಳಿದ ದಿನ, ಅದು ನಿಜಕ್ಕೂ ದವಾಖಾನೆಯ ಹಿಂದೆಯೇ ಇತ್ತು. ಅವರು ನೋಡಿದರು, ಫೋಟೋ ತೆಗೆದರು, ಅಳೆದರು, ನಕ್ಷೆ ಬರೆದುಕೊಂಡು ಹೊರಟುಹೋದರು. ಇನ್ನೊಂದು ದಿನ ನಿಲ್ಲಿ ಎಂದು ಊರವರು ಕೈ ಹಿಡಿದು ಹೇಳಿದ್ದರಂತೆ. ಎರಡು ತಿಂಗಳಲ್ಲಿ ಅಲ್ಲಿ ಸಿಮೆಂಟಿನ ಕಟ್ಟೆ ಎದ್ದಿತು, ಕಬ್ಬಿಣದ ಕಟಾಂಜನ ಬಂತು, 'ಜಲಪಾತ ವೀಕ್ಷಣಾ ಸ್ಥಳ, ನೀರಿಗೆ ಇಳಿಯಬಾರದು' ಎಂಬ ಫಲಕ ಬಂತು. ನೀರು ಮಾತ್ರ ಆಮೇಲೆ ಆ ಕಡೆ ಒಮ್ಮೆಯೂ ಬರಲಿಲ್ಲ. ಕಟ್ಟೆಯ ಮೇಲೆ ನಿಂತರೆ ಕಾಣುವುದು ದವಾಖಾನೆಯ ಹಿಂಗೋಡೆ, ಅದಕ್ಕೆ ಒರಗಿಸಿಟ್ಟ ಒಂದು ತುಕ್ಕು ಹಿಡಿದ ಮಂಚ.

ನಮ್ಮೂರಲ್ಲಿ ಹೊಳೆಯಿಲ್ಲ, ಗುಡ್ಡವೂ ಇಲ್ಲ. ಬೆಳಗಿನ ಜಾವ ಯಾರದೋ ಹಿತ್ತಲಲ್ಲೋ ಅಂಗಡಿಯ ಮುಂದೋ ನಲವತ್ತು ಅಡಿ ಮೇಲಿನಿಂದ ನೀರು ಧುಮುಕಲು ಶುರುವಾಗುತ್ತದೆ, ಮಧ್ಯಾಹ್ನದ ಊಟದ ಹೊತ್ತಿಗೆ ನಿಲ್ಲುತ್ತದೆ. ಮರುದಿನ ಬೇರೆ ಕಡೆ. ಮಾಳಿಗೆಯ ಮೇಲೆ ಹಪ್ಪಳ ಒಣಗಿಸುವವರು ಚಾಪೆಗೆ ಹಗ್ಗ ಕಟ್ಟಿರುತ್ತಾರೆ, ಎಳೆದರೆ ಹಪ್ಪಳದ ಸಮೇತ ಕೆಳಗೆ ಬರಬೇಕು. ಮದುವೆ ಚಪ್ಪರದವನು ಬಟ್ಟೆಯ ಜೊತೆಗೆ ತಾಡಪತ್ರೆಯನ್ನೂ ತರುತ್ತಾನೆ. ನೀರು ಬಂದ ಮನೆಯವರು ಬಾಗಿಲಿಗೆ ಚಾಪೆ ಹಾಸಿ, ನೋಡಲು ಬಂದವರ ಕೈಗೆಲ್ಲ ಒಂದೊಂದು ತುಂಡು ಬೆಲ್ಲ ಕೊಡಬೇಕು. ಆ ದಿನ ಅವರ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ, ರೊಟ್ಟಿ ಪಲ್ಯ ಓಣಿಯವರದು. ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು ಕೇಳುವುದು 'ನಿಮ್ಮ ಮನೀಗೆ ನೀರು ಎಷ್ಟು ಸಲ ಬಂದೈತ್ರಿ?' ಎಂದು.

ಇಂಥ ಊರಲ್ಲಿ ನಾನು ಅತಿಥಿ ಸತ್ಕಾರ ಕಲಿಸಬೇಕು. ಹಾಜರಿ ಪುಸ್ತಕದಲ್ಲಿ ಮೂವತ್ತೊಂದು ಹೆಸರು, ಒಂಬತ್ತೂವರೆಗೆ ತರಗತಿಯಲ್ಲಿ ಒಂಬತ್ತು ತಲೆ. ಉಳಿದವರು ಹತ್ತೂವರೆಗೆ ಒಬ್ಬೊಬ್ಬರಾಗಿ ಬರುತ್ತಾರೆ, ಕೂದಲಿಂದ ನೀರು ಸೋರಿಸಿಕೊಂಡು, ಬಾಯಲ್ಲಿ ಬೆಲ್ಲ ಇಟ್ಟುಕೊಂಡು. ಒಮ್ಮೆ ಸಿಟ್ಟಿನಲ್ಲಿ 'ತಲೆ ಒದ್ದೆಯಿದ್ದವರೆಲ್ಲ ಹೊರಗೆ' ಎಂದೆ. ಇಪ್ಪತ್ತೆರಡು ಮಂದಿ ಎದ್ದು ಹೋದರು. ಉಳಿದ ಒಂಬತ್ತು ಮಂದಿಯಲ್ಲಿ ನಾಲ್ವರು ಕೂತಲ್ಲೇ ಗೊರಕೆ ಹೊಡೆಯುತ್ತಿದ್ದರು. ಅವರಿಗೆ ನಾನು ಕರವಸ್ತ್ರವನ್ನು ಹಂಸದ ಆಕಾರಕ್ಕೆ ಮಡಚುವುದನ್ನು ಕಲಿಸಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರಲ್ಲ, ಆದರೆ ಕೋಣಗಳ ಕಡೆಯಿಂದಲೂ ಒಂದು ಮಾತು ಹೇಳಲೇಬೇಕು. ನಮ್ಮ ಶಾಲೆಯ ಪಿಂಗಾಣಿ ತಟ್ಟೆಗಳು ತಪಾಸಣೆಗೆಂದು ಗಾಜಿನ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿವೆ, ಹುಡುಗರು ಬಡಿಸಲು ಕಲಿಯುವುದು ರಟ್ಟಿನಲ್ಲಿ ಕತ್ತರಿಸಿದ ದುಂಡನೆಯ ತಟ್ಟೆಗಳಲ್ಲಿ. ಆ ತಟ್ಟೆಗೆ ಸಾರು ಬಡಿಸುವ ಹಾಗಿಲ್ಲ. ಬಡಿಸಿದಂತೆ ಕೈ ತಿರುಗಿಸಬೇಕು.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಆ ನೀರು ನಮ್ಮ ಶಾಲೆಯ ಅಂಗಳಕ್ಕೇ ಬಂತು. ನಮ್ಮ ಪ್ರಾಚಾರ್ಯರು, ಹುಲ್ಲೂರ ಸರ, ಮೊದಲು ಮಾಡಿದ ಕೆಲಸ ಗೇಟಿಗೆ ಬೀಗ ಹಾಕಿದ್ದು. ಬಂದವರ ಸತ್ಕಾರಕ್ಕೆ ಕಪಾಟಿನ ತಟ್ಟೆ ಹೊರಗೆ ತೆಗೆಯಲು ಮಂಡಳಿಯ ಅನುಮತಿ ಬೇಕೆಂದು ಅಲ್ಲೇ ನಿಂತು ಕಾಗದ ಬರೆದರು. ಊರ ಜನ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕಾಂಪೌಂಡಿನ ಆಚೆ ಕತ್ತು ಚಾಚಿ ನಿಂತರು. ಮಧ್ಯಾಹ್ನಕ್ಕೆ ನೀರು ನಿಂತಿತು. ಅನುಮತಿ ಹನ್ನೊಂದು ತಿಂಗಳಿಗೆ ಬಂತು, ಒಂದು ದಿನದ ಮಟ್ಟಿಗೆ, ಒಡೆಯಬಾರದೆಂಬ ಷರತ್ತಿನ ಮೇಲೆ. 'ಸತ್ಕಾರ ಕಲಸೋ ಸಾಲ್ಯಾಗ ಹಾಸಾಕ ಒಂದು ಚಾಪಿ ಇರಲಿಲ್ಲಂತ' ಎಂದು ಊರ ಮುದುಕಿಯರು ಇವತ್ತಿಗೂ ನನ್ನನ್ನು ಕಂಡಾಗ ಆಡಿಕೊಳ್ಳುತ್ತಾರೆ. ನಾಚಿಕೆಯಾಗುತ್ತದೆ. ಆದರೆ ಆ ದಿನ ಗೇಟಿನ ಬೀಗ ತೆಗೆಯಿರಿ ಎಂದು ನಾನೂ ಹೇಳಿರಲಿಲ್ಲ.

ಕಳೆದ ವರ್ಷ ಮಂಡಳಿಯಿಂದ ಹೊಸದೊಂದು ಪೀಡೆ ಬಂತು, ಕಲಿಕಾ ಆಸಕ್ತಿ ಸಮೀಕ್ಷೆ. ರಾಜ್ಯದಲ್ಲೆಲ್ಲ ನಮ್ಮ ಹುಡುಗರದೇ ಅತಿ ಕಡಿಮೆ ಆಸಕ್ತಿಯಂತೆ, ಕಾರಣ ಹುಡುಕಬೇಕಂತೆ. ಮೊದಲ ಪ್ರಶ್ನೆ: 'ಈ ತರಬೇತಿಯಲ್ಲಿ ನಿಮ್ಮ ಆಸಕ್ತಿ ಎಷ್ಟು? ಒಂದರಿಂದ ಐದರೊಳಗೆ ಗುರುತು ಹಾಕಿ.' ಯೋಚನೆಯ ಕಾಟ ಬೇಡವೆಂದು ಎಲ್ಲರೂ ಮೂರಕ್ಕೆ ಗುರುತು ಹಾಕಿದರು. ಒಬ್ಬಳು ಮಾತ್ರ ಯಾವುದಕ್ಕೂ ಹಾಕದೆ ಪಕ್ಕದಲ್ಲಿ ಬರೆದಿದ್ದಳು: 'ಶಾಲೆಯ ಒಳಗೋ, ಹೊರಗೋ?'

ಅವಳೇ ದಾನಮ್ಮ. ಹೂಗಾರ ಓಣಿಯ ಈರವ್ವನ ಒಬ್ಬಳೇ ಮಗಳು, ಹತ್ತೊಂಬತ್ತು ವರ್ಷ. ಊರಲ್ಲಿ ಎಲ್ಲರಿಗೂ ಏಳು ಗಂಟೆಯ ಹೊತ್ತಿಗೆ ನೀರು ಎಲ್ಲಿದೆ ಎಂದು ಗೊತ್ತಾದರೆ, ಇವಳಿಗೆ ಐದಕ್ಕೇ ಗೊತ್ತಿರುತ್ತಿತ್ತು. ಹೇಗೆ ಎಂದು ಒಮ್ಮೆ ಕೇಳಿದ್ದೆ.

"ನಮ್ಮ ಮನೀಗೆ ಒಮ್ಮೆನೂ ಬಂದಿಲ್ರಿ ಸರ," ಎಂದಳು. "ಸಣ್ಣಾಕಿ ಇದ್ದಾಗಿಂದ ದಿನಾ ನಸುಕಿನ್ಯಾಗ ಎದ್ದು ಹಿತ್ತಲಕ್ಕ ಹೋಗಿ ನೋಡ್ತೀನಿ. ನಮ್ಮಲ್ಲಿ ಇಲ್ಲ ಅಂದ್ರ ಮತ್ಯಾರ ಮನ್ಯಾಗ ಐತಿ ಅಂತ ಹುಡುಕ್ಕೋತ ಹೋಗ್ತೀನಿ. ಹುಡುಕಿ ಹುಡುಕಿ ರೂಢಿ ಆಗೇತ್ರಿ."

ಇಂಥ ಹುಡುಗಿ ಮಾರ್ಗದರ್ಶಿಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದಳು. ಪರೀಕ್ಷೆ ಇರುವುದು ಹೀಗೆ. ಹೊರಗಿನಿಂದ ಬಂದ ಪರೀಕ್ಷಕರನ್ನು ಅತಿಥಿ ಎಂದು ಭಾವಿಸಿ, ಶಾಲೆಯಿಂದ ಜಲಪಾತದವರೆಗೆ ನಡೆಸಿಕೊಂಡು ಹೋಗಿ ವಿವರಣೆ ಕೊಡಬೇಕು, ಐವತ್ತು ಅಂಕ. ಮೊದಲನೇ ಸಲ ದಾನಮ್ಮ ಪರೀಕ್ಷಕರನ್ನು ಕ್ಷೌರದಂಗಡಿ ಮಾನಪ್ಪನ ಹಿತ್ತಲಿಗೆ ಕರೆದುಕೊಂಡು ಹೋದಳು. ಅವರು ಪ್ಯಾಂಟು ಮೊಣಕಾಲವರೆಗೆ ಮಡಚಿ ನೀರಿಗೆ ತಲೆ ಕೊಟ್ಟು ನಿಂತರು, ಮಾನಪ್ಪನ ಹೆಂಡತಿ ಕೊಟ್ಟ ಬೆಲ್ಲವನ್ನು ಎರಡು ಸಲ ಇಸಿದುಕೊಂಡರು, ಜನ್ಮದಲ್ಲಿ ಇಂಥದ್ದು ಕಂಡಿಲ್ಲ ಎಂದರು. ಆಮೇಲೆ ತಲೆ ಒರೆಸಿಕೊಂಡು ಉತ್ತರ ಸೂಚಿ ತೆಗೆದರು. 'ತಪ್ಪು ಸ್ಥಳ, ಸೊನ್ನೆ.' ಎರಡನೇ ಸಲ ಬೇರೆ ಪರೀಕ್ಷಕರು, ಬೇರೆ ಹಿತ್ತಲು, ಅದೇ ಸೊನ್ನೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ.

ಮೂರು ಸಲಕ್ಕಿಂತ ಹೆಚ್ಚು ಪರೀಕ್ಷೆಗೆ ಕೂರುವಂತಿಲ್ಲ. ಅತ್ತ ಪ್ರವಾಸಿ ಮಂದಿರದಲ್ಲಿ ಮಾರ್ಗದರ್ಶಿಯ ಹುದ್ದೆ ಎರಡು ವರ್ಷದಿಂದ ಖಾಲಿ ಇತ್ತು. ಪ್ರಮಾಣಪತ್ರ ಇದ್ದವರಿಗೆ ಮಾತ್ರ. ಇಪ್ಪತ್ತು ವರ್ಷ ಹೂ ಕಟ್ಟಿ ಕಟ್ಟಿ ಈರವ್ವನ ಬೆರಳಿನ ಗೆಣ್ಣುಗಳೆಲ್ಲ ಬಾತಿದ್ದವು. ಮಲ್ಲಿಗೆಯ ತೊಟ್ಟು ಹಿಡಿದರೆ ಜಾರಿ ಬೀಳುತ್ತಿತ್ತು. ಇದು ನನಗೆ ಗೊತ್ತಿತ್ತು. ಅದಕ್ಕೇ ಮೂರನೇ ಪರೀಕ್ಷೆಗೆ ಒಂದು ವಾರ ಮೊದಲಿನಿಂದ ದಾನಮ್ಮನನ್ನು ಕಟ್ಟೆಯ ಮೇಲೆ ನಿಲ್ಲಿಸಿಕೊಂಡು ದಿನಾ ಗಿಳಿಪಾಠ ಹೇಳಿಕೊಟ್ಟೆ.

"ಸರ, ಅಲ್ಲಿ ನೀರಿಲ್ರಿ. ಬರೇ ಗ್ವಾಡಿ," ಎಂದಳು ಮೊದಲ ದಿನ.

"ನೀರು ಇಲ್ಲ ಅಂತ ನನಗೂ ಕಾಣ್ತೈತಿ. ಮಾರ್ಕ್ಸ್ ಇಲ್ಲೇ ಅದಾವು."

"ಬಂದವ್ರು ನಮ್ಮನ್ನ ನಂಬಿ ಬಂದಿರ್ತಾರಲ್ರಿ. ಅವ್ರಿಗೆ ಗ್ವಾಡಿ ತೋರ್ಸಿ ನೀರು ಅಂತ ಹೆಂಗ ಹೇಳ್ಲಿ?"

"ಬಾಯಿಲೆ ಹೇಳು!" ಎಂದು ಕಿರುಚಿದೆ. ದವಾಖಾನೆಯ ಕಿಟಕಿಯಲ್ಲಿ ಒಬ್ಬ ರೋಗಿ ಇಣುಕಿ ನೋಡಿದ. "ನಾ ಹದಿನಾಲ್ಕು ವರ್ಷದಿಂದ ಹೇಳಾಕತ್ತಿಲ್ಲೇನು? ಊರಿಗೊಂದು ದಾರಿ, ನಿನಗೊಂದು ದಾರಿ ಏನವ್ವ? ಒಂದ ದಿನ, ಒಂದೇ ತಾಸು ಈ ಗ್ವಾಡಿ ಮುಂದ ನಿಂತು ಪಾಠ ಒಪ್ಪಿಸು. ಪಾಸಾಗು. ಆಮ್ಯಾಲ ನಿನ್ನ ನೀರಿನ ಹಿಂದ ಎಲ್ಲಿಗೆ ಬೇಕಾದ್ರೂ ಹೋಗು."

ಅವಳು ಮಂಚವನ್ನೇ ನೋಡುತ್ತಾ ನಿಂತಳು. ಏಳನೇ ದಿನದ ಹೊತ್ತಿಗೆ ಪಾಠ ಬಾಯಿಗೆ ಬಂದಿತ್ತು. ಮನಸ್ಸಿಗೆ ಬಂದಿರಲಿಲ್ಲ, ಅದು ನನಗೆ ಬೇಕಾಗಿಯೂ ಇರಲಿಲ್ಲ.

ಪರೀಕ್ಷೆಯ ದಿನ ನಾನು ಏಳೂವರೆಗೇ ಶಾಲೆಯಲ್ಲಿದ್ದೆ. ಪರೀಕ್ಷಕರು ಪ್ರಮೀಳಾ ಮೇಡಂ ರಾತ್ರಿಯ ಬಸ್ಸಿಗೇ ಬಂದು ಪ್ರಾಚಾರ್ಯರ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ನಾನು ಹಂಸ ಮಡಚಿದ ಕರವಸ್ತ್ರಗಳನ್ನು ಮೇಜಿನ ಮೇಲೆ ಜೋಡಿಸುತ್ತಿದ್ದೆ. ಆಗ ದಾನಮ್ಮ ಓಡುತ್ತಾ ಒಳಗೆ ಬಂದಳು. ಸಮವಸ್ತ್ರ ಪೂರ್ತಿ ತೊಯ್ದಿತ್ತು, ಜಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಖ ನೋಡಿದರೆ ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಇವತ್ತೂ ನೋಡಲು ಹೋಗಿದ್ದಾಳಲ್ಲ ಎಂದು ನನ್ನ ಪಿತ್ತ ನೆತ್ತಿಗೇರಿತು.

"ಸರ, ಒಂದು ಮಾತ್ರಿ—"

"ಇವತ್ತ ನೀರಿನ ಮಾತು ಎತ್ತಬ್ಯಾಡ."

"ಹಂಗಲ್ರಿ ಸರ, ಇವತ್ತ ನೀರು—"

"ದಾನಮ್ಮಾ! ನಿಮ್ಮವ್ವನ ಕೈ ನೋಡೀಯೇನು? ಆ ಕೈ ನೆನಸ್ಕೋ. ಮತ್ತೊಂದ ಸಲ ನೀರು ಅಂದ್ರ ನಾನ ನಿನ್ನ ಹೆಸರು ಹೊಡದು ಹಾಕ್ತೀನಿ."

ನಾನು ಒಂದು ಹಂಸವನ್ನು ಕೊಡವಿ ಬಿಚ್ಚಿ, ತಲೆ ಒರೆಸಿಕೋ ಎಂದು ಕೊಟ್ಟೆ. ಒರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಮೆಲ್ಲಗೆ ಕೇಳಿದಳು, "ಖರೇನ ಗ್ವಾಡಿ ಕಡೇನ ಹೋಗ್ಲೇನ್ರಿ ಸರ?"

"ಗ್ವಾಡಿ ಕಡೇನ."

"ಆತ್ರಿ," ಎಂದಳು.

ಎಂಟೂವರೆಗೆ ಹೊರಟೆವು. ಮುಂದೆ ದಾನಮ್ಮ, ಅವಳ ಹಿಂದೆ ಮೇಡಂ, ಕೊನೆಗೆ ನಾನು. ಎದುರಿನಿಂದ ಜನ ಟವೆಲ್ಲು, ಕೊಡ, ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು. ಎಲ್ಲರೂ ಅವಳನ್ನು ನೋಡಿ ನಗುವವರೇ. ಹೂಗಾರ ಓಣಿಯ ಕಾಶಿಂಬಿ ನಡುದಾರಿಯಲ್ಲೇ ನಿಂತು, "ಏ ದಾನಮ್ಮಾ, ನೀ ಇಲ್ಲೇನ ಮಾಡಾಕತ್ತೀ? ಅಲ್ಲಿ ನಿಮ್ಮವ್ವ—" ಎಂದು ಶುರು ಮಾಡಿದಳು. ನಾನು ಮುಂದೆ ನುಗ್ಗಿ, "ಪರೀಕ್ಷಾ ನಡದೈತಿ, ದಾರಿ ಬಿಡ್ರಿ!" ಎಂದು ಗದರಿದೆ. ಕಾಶಿಂಬಿ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿ ಹೋದಳು.

"ಇವರೆಲ್ಲ ಎಲ್ಲಿಗೆ ಹೋಗ್ತಿದಾರೆ?" ಎಂದು ಮೇಡಂ ಕೇಳಿದರು.

ದಾನಮ್ಮ ನಿಂತು, ತಿರುಗಿ, ನಾನು ಕಲಿಸಿದ ಹಾಗೆಯೇ ಎರಡೂ ಕೈ ಜೋಡಿಸಿ ಹೇಳಿದಳು, "ಅದು ನಮ್ಮ ಮಾರ್ಗದಲ್ಲಿ ಬರುವುದಿಲ್ಲ ಮೇಡಂ. ದಯವಿಟ್ಟು ಹೀಗೆ ಬನ್ನಿ."

ಕಟ್ಟೆಯ ಮೇಲೆ ಅವಳು ಒಂದಕ್ಷರ ತಪ್ಪಲಿಲ್ಲ. ಬೆರಳು ತೋರಿಸಬಾರದು, ಅಂಗೈ ಬಿಚ್ಚಿ ತೋರಿಸಬೇಕು ಎಂದಿದ್ದೆ, ಹಾಗೆಯೇ ತೋರಿಸಿದಳು. "ಮಾನ್ಯ ಅತಿಥಿಗಳೇ, ತಮ್ಮ ಎಡಭಾಗದಲ್ಲಿ ಕಾಣುತ್ತಿರುವುದೇ ನಮ್ಮೂರಿನ ಹೆಮ್ಮೆಯ ಜಲಪಾತ. ಇದರ ಎತ್ತರ ನಲವತ್ತು ಅಡಿ." ಮೇಡಂ ಮಂಚವನ್ನು ನೋಡಿದರು, ಉತ್ತರ ಸೂಚಿಯನ್ನು ನೋಡಿದರು, ಗುರುತು ಹಾಕಿದರು. ಪ್ರಶ್ನಾವಳಿಯಿಂದ ಒಂದು ಪ್ರಶ್ನೆಯನ್ನೂ ಕೇಳಿದರು, "ಜಲಪಾತದ ಸದ್ದು ಹೇಗಿದೆ?"

"ಗಂಭೀರವಾಗಿಯೂ ಆಹ್ಲಾದಕರವಾಗಿಯೂ ಇದೆ ಮೇಡಂ."

ಆ ಹೊತ್ತಿಗೆ ದೂರದಿಂದ ಸದ್ದು ನಿಜವಾಗಿಯೂ ಕೇಳುತ್ತಿತ್ತು, ಮಕ್ಕಳ ಕೇಕೆಯೂ ಕೇಳುತ್ತಿತ್ತು. ಅದು ನಮ್ಮ ಬೆನ್ನ ಹಿಂದಿನಿಂದ ಬರುತ್ತಿತ್ತು. ದಾನಮ್ಮ ಗೋಡೆಯಿಂದ ಕಣ್ಣು ಕೀಳಲಿಲ್ಲ. ಐವತ್ತಕ್ಕೆ ನಲವತ್ತೆಂಟು ಬಂತು. ಮುಗುಳ್ನಗೆಗೆಂದು ಇಟ್ಟಿದ್ದ ಎರಡು ಅಂಕ ಹೋದವು. "ಈ ಕೇಂದ್ರದಲ್ಲಿ ಇಷ್ಟು ಬಂದಿರೋದು ಇದೇ ಮೊದಲು ಕಣ್ರೀ," ಎಂದು ಮೇಡಂ ನನ್ನ ಕೈ ಕುಲುಕಿದರು. ಹದಿನಾಲ್ಕು ವರ್ಷದಲ್ಲಿ ಯಾರೂ ನನ್ನ ಕೈ ಕುಲುಕಿರಲಿಲ್ಲ. ನಾನು ಹಿಗ್ಗಿ ಹೀರೇಕಾಯಿಯಾದೆ. ಕಾಗದಪತ್ರಕ್ಕೆ ಸಹಿ ಹಾಕಬೇಕಿತ್ತು, ದಾನಮ್ಮನನ್ನು ಮೇಡಂ ಜೊತೆ ಶಾಲೆಗೆ ಕಳಿಸಿದೆ. ನಾನು ಪೇಟೆಗೆ ಹೋಗಿ ಪೇಡೆ ಕಟ್ಟಿಸಿಕೊಂಡು, ಈರವ್ವನಿಗೆ ಸುದ್ದಿ ನಾನೇ ಮೊದಲು ಹೇಳಬೇಕೆಂದು ಹೂಗಾರ ಓಣಿಗೆ ನಡೆದೆ.

ಓಣಿಯ ಬಾಯಿಯಲ್ಲೇ ಚಪ್ಪಲಿ ತೊಯ್ದವು. ಜನ ಕಿಕ್ಕಿರಿದಿದ್ದರು. ನನ್ನ ಶಾಲೆಯ ಮೂವತ್ತು ಮಂದಿಯೂ ಅಲ್ಲೇ ಇದ್ದರು. ತರಗತಿಯಲ್ಲಿ ಗೊರಕೆ ಹೊಡೆಯುವ ನಾಲ್ವರು ರೊಟ್ಟಿಯ ಬುಟ್ಟಿ ಹೊತ್ತು ಓಡಾಡುತ್ತಿದ್ದರು, ಮುದುಕರನ್ನು ಕೈ ಹಿಡಿದು ಕೂರಿಸುತ್ತಿದ್ದರು, ಯಾರಿಗೆ ನೀರು ಸಿಕ್ಕಿಲ್ಲ, ಯಾರಿಗೆ ರೊಟ್ಟಿ ಸಿಕ್ಕಿಲ್ಲ ಎಂದು ಕೂಗಿ ಕೇಳುತ್ತಿದ್ದರು. ಯಾರೂ ಅವರಿಗೆ ಇದನ್ನು ಕಲಿಸಿರಲಿಲ್ಲ. ಈರವ್ವನ ಹಿತ್ತಲಿನ ಮೇಲೆ, ಹೆಂಚಿನ ಮಾಡಿಗಿಂತ ಎಷ್ಟೋ ಎತ್ತರದಿಂದ, ನೀರು ಬೀಳುತ್ತಿತ್ತು. ಆಗಲೇ ಸಣ್ಣದಾಗುತ್ತಾ ಬಂದಿತ್ತು.

ಈರವ್ವ ಬಾಗಿಲಲ್ಲಿ ಹಾಸಿದ ಚಾಪೆಯ ಪಕ್ಕ ನಿಂತಿದ್ದಳು. ಬೆಲ್ಲ ತೀರಿಹೋಗಿತ್ತು. ಬಂದವರಿಗೆಲ್ಲ ಬಾತ ಬೆರಳುಗಳಿಂದ ಬಿಡಿ ಮಲ್ಲಿಗೆ ಎತ್ತಿ ಎತ್ತಿ ಕೊಡುತ್ತಿದ್ದಳು. ನನ್ನನ್ನು ಕಂಡು, ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು.

"ಬರ್ರಿ ಸರ. ಎಲ್ಲಿ ನನ್ನ ಮಗಳು? ಪರೀಕ್ಷಾದವರು ಎಲ್ಲಿ?"

"ದಾನಮ್ಮ ಪಾಸಾದಳವ್ವ," ಎಂದು ಪೇಡೆಯ ಪೊಟ್ಟಣ ಮುಂದೆ ಹಿಡಿದೆ.

ಅವಳು ಅದನ್ನು ತೆಗೆದುಕೊಳ್ಳಲಿಲ್ಲ. "ಐದಕ್ಕ ಬಂತ್ರಿ ನೀರು. ಮೊದಲು ನೋಡಿದಾಕಿ ಆಕೀನ. ಕುಣದಳ್ರಿ, ಸಣ್ಣ ಹುಡುಗಿ ಕುಣದಂಗ ಕುಣದಳು. ಸರ್‌ಗೆ ಒಂದು ಮಾತು ಕೇಳ್ತೀನಿ, ಪರೀಕ್ಷಾದವರನ್ನ ನಮ್ಮನೀಗೇ ಕರಕೊಂಡು ಬರ್ತೀನಿ, ಮಾರ್ಕ್ಸ್ ಹೋದ್ರೂ ಹೋಗ್ಲಿ, ನಮ್ಮ ಚಾಪಿ ಮ್ಯಾಲ ಕುಂದ್ರಸ್ತೀನಿ ಅಂತ ಹೇಳಿ ಸಾಲಿಗೆ ಓಡಿದ್ಲು. ನಾ ಇಲ್ಲಿತನಕ ಬಾಗಲಾ ಕಾಯಾಕತ್ತೀನಿ." ಉಸಿರು ತೆಗೆದುಕೊಂಡು ಕೇಳಿದಳು, "ನೀವು ಏನಂದ್ರಿ ಸರ ಆಕೀಗೆ?"

ಮೂವತ್ತು ವಿದ್ಯಾರ್ಥಿಗಳ ಮುಂದೆ, ಇಡೀ ಓಣಿಯ ಮುಂದೆ, ಪೇಡೆಯ ಪೊಟ್ಟಣ ಹಿಡಿದುಕೊಂಡು ನಾನು ನಿಂತಿದ್ದೆ.

ದಾನಮ್ಮ ಬಂದಾಗ ಹಿತ್ತಲಲ್ಲಿ ಹನಿ ಹನಿ ತೊಟ್ಟಿಕ್ಕುತ್ತಿತ್ತು, ಜನ ಚದುರುತ್ತಿದ್ದರು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ಹಿತ್ತಲಿಗೆ ಹೋಗಿ ಒಮ್ಮೆ ಮೇಲೆ ನೋಡಿದಳು. ತಿರುಗಿ ಬಂದು ಚಾಪೆ ಕೊಡವಿ ಮತ್ತೆ ಹಾಸಿ, "ಕೂಡ್ರಿ ಸರ," ಎಂದಳು. ಕೂತೆ. ತಾಯಿಯ ಬುಟ್ಟಿಯಿಂದ ಉಳಿದ ನಾಲ್ಕು ಮಲ್ಲಿಗೆ ನನ್ನ ಕೈಗೆ ಹಾಕಿದಳು. ಆ ಮನೆಗೆ ನೀರು ಬಂದ ದಿನ ಮಗಳ ಕೈಯಿಂದ ಸತ್ಕಾರ ಪಡೆದವನು ನಾನೊಬ್ಬನೇ.

ಕೆಲಸ ಸಿಕ್ಕಿತು. ಒಂಬತ್ತರಿಂದ ಐದರವರೆಗೆ, ನೀಲಿ ಅಂಚಿನ ಸೀರೆ, ಎದೆಗೆ ಹೆಸರಿನ ಬಿಲ್ಲೆ. ಬಸ್ಸಿನಿಂದ ಇಳಿದ ಪ್ರವಾಸಿಗಳನ್ನು ಕಟ್ಟೆಗೆ ಕರೆದುಕೊಂಡು ಹೋಗುತ್ತಾಳೆ. ಅಂಗೈ ಬಿಚ್ಚಿ ಗೋಡೆ ತೋರಿಸುತ್ತಾಳೆ. ಹಿಂದಿನಿಂದ ಸದ್ದು ಕೇಳಿ ಯಾರಾದರೂ ತಿರುಗಿದರೆ, ಅದು ನಮ್ಮ ಮಾರ್ಗದಲ್ಲಿ ಬರುವುದಿಲ್ಲ ಎನ್ನುತ್ತಾಳೆ. ಈರವ್ವ ಹೂ ಕಟ್ಟುವುದನ್ನು ಬಿಟ್ಟಿದ್ದಾಳೆ. ಹುಲ್ಲೂರ ಸರ ದಾನಮ್ಮನ ಫೋಟೋವನ್ನು ಗಾಜಿನ ಕಪಾಟಿನಲ್ಲಿ, ತಟ್ಟೆಗಳ ಪಕ್ಕ ಇಟ್ಟು ಬೀಗ ಹಾಕಿದ್ದಾರೆ.

ಈ ವರ್ಷ ಮತ್ತೆ ಆ ಸಮೀಕ್ಷೆ ಬಂತು. ತೇರ್ಗಡೆಯಾದ ಒಬ್ಬರಿಂದಲಾದರೂ ತುಂಬಿಸಬೇಕೆಂದು ಮಂಡಳಿಯ ಆಜ್ಞೆ. ಮೊನ್ನೆ ಬೆಳಿಗ್ಗೆ ಕಾಗದ ಹಿಡಿದುಕೊಂಡು ಕಟ್ಟೆಗೆ ಹೋದೆ. ದಾನಮ್ಮ ಒಬ್ಬಳೇ ಇದ್ದಳು, ಪ್ರವಾಸಿಗಳು ಇನ್ನೂ ಬಂದಿರಲಿಲ್ಲ. ಪೆನ್ನು ತೆಗೆದುಕೊಂಡು, ಕಾಗದವನ್ನು ಕಟಾಂಜನದ ಮೇಲಿಟ್ಟು, ಮೊದಲ ಪ್ರಶ್ನೆಗೆ ಐದಕ್ಕೆ ಗುರುತು ಹಾಕಿದಳು. ಏನೂ ಕೇಳಲಿಲ್ಲ. ಉಳಿದ ಹನ್ನೊಂದಕ್ಕೂ ಐದು. ಬದಿಯ ಖಾಲಿ ಜಾಗ ಖಾಲಿಯೇ ಉಳಿಯಿತು.

ನನಗೆ ತಡೆಯಲಾಗಲಿಲ್ಲ. "ದಾನಮ್ಮಾ, ಇವತ್ತ ನೀರು ಎಲ್ಲೈತವ್ವ?" ಎಂದೆ.

ಅವಳು ಪೆನ್ನಿನ ಟೊಪ್ಪಿಗೆ ಹಾಕಿ ನನ್ನ ಕೈಗೆ ಕೊಟ್ಟಳು.

"ಗೊತ್ತಿಲ್ರಿ ಸರ," ಎಂದಳು. "ಆವತ್ತಿಂದ ನೋಡಾಕ ಹೋಗಿಲ್ಲ."